ಚೊಕೆಕಿರಾವ್‌ನಲ್ಲಿ ಎರಡನೆಯ ದಿನ

ಅರೆಕಿಪಾ ನಗರದ ಹೈಸ್ಕೂಲೊಂದರಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ ಎಫ್ರಾಯಿನ್‌ಗೆ ಚೊಕೆಕಿರಾವ್ ನೋಡುವ ಆಸೆ ಹುಟ್ಟಿದ್ದು ಕಾಲೇಜಿನ ದಿನಗಳಲ್ಲಿ. ಇಂಕಾಗಳ ಆ ಹಾಳೂರಿಗೆ ಮೋಟಾರು ರಸ್ತೆಯಿಲ್ಲ. ಕಣಿವೆಯ ತಳಕ್ಕಿಳಿದು, ಅಪುರಿಮಾಕ್ ನದಿ ದಾಟಿ, ಎದುರಿನ ಬೆಟ್ಟ ಹತ್ತಬೇಕು. ಮೊದಮೊದಲು ಜೊತೆ ಸಿಗಲಿಲ್ಲ, ಆಮೇಲೆ ಮಕ್ಕಳು ಚಿಕ್ಕವರಿದ್ದರು, ಆಮೇಲೆ ತಾಯಿ ಹಾಸಿಗೆ ಹಿಡಿದಳು. ಶಾಲೆಯ ಇತರ ಮೇಷ್ಟ್ರುಗಳು ರೈಲಿನಲ್ಲಿ ಮಾಚುಪಿಚುಗೆ ಹೋಗಿಬಂದು ಫೋಟೋ ತೋರಿಸಿದಾಗ, "ಅದು ಸಂತೆ ಕಣ್ರಯ್ಯಾ, ಹೋದ್ರೆ ಚೊಕೆಕಿರಾವ್‌ಗೆ ಹೋಗ್ಬೇಕು" ಎನ್ನುತ್ತಿದ್ದ. ಹಾಗೆನ್ನುತ್ತಲೇ ಅವನ ಮೀಸೆ ನೆರೆಯಿತು.

ಹೆಂಡತಿ ನೀಲ್ದಾ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಸಣ್ಣ ಅಂಗಡಿ ಇಟ್ಟಿದ್ದಳು. ಕುರ್ಚಿಯಲ್ಲಿ ಕೂತವರು ಗಂಡನ ಮೇಲೆ, ಸೊಸೆಯ ಮೇಲೆ, ಸರ್ಕಾರದ ಮೇಲೆ ಮಾತಾಡುತ್ತಲೇ ಇರುತ್ತಿದ್ದರು. ಅವಳು ಹ್ಞೂಂಗುಡುತ್ತ ಕತ್ತರಿ ಆಡಿಸುತ್ತಿದ್ದಳು. ಹಳೆಯ ಗೋಡೆಗಳನ್ನು ನೋಡುವ ಹಂಬಲ ಅವಳಿಗೆ ಎಂದೂ ಇರಲಿಲ್ಲ. ಜುಲೈ ರಜೆಯಲ್ಲಿ ಕೊನೆಗೂ ಗಂಡ ಹೊರಟಾಗ, ಒಬ್ಬನೇ ಹೋದರೆ ಸಾಕ್ಸು ಒಣಗಿಸಿಕೊಳ್ಳುವುದನ್ನೂ ಮರೆಯುತ್ತಾನೆ ಎಂದು ಜೊತೆಗೆ ಹೊರಟಳು.

ಕಾಚೋರಾ ಎಂಬ ಊರಿನಿಂದ ಇಬ್ಬರೂ ಬೆನ್ನಿಗೆ ಚೀಲ ಏರಿಸಿ ನಡೆದರು. ಇಳಿಜಾರು ಮುಗಿಯುವಂತೆಯೇ ಇರಲಿಲ್ಲ. ಎಫ್ರಾಯಿನ್ ಪ್ರತಿ ತಿರುವಿನಲ್ಲೂ ನಿಂತು ಕೋಲೆತ್ತಿ ತೋರಿಸುತ್ತಿದ್ದ. ಇಲ್ಲಿಂದ ಸೈನ್ಯ ಬಂತು, ಅಲ್ಲಿ ಸೇತುವೆ ಕಡಿದರು, ಆ ಬೆಟ್ಟಕ್ಕೆ ಹರಕೆ ಕಟ್ಟುತ್ತಿದ್ದರು. ನೀಲ್ದಾ ಹ್ಞೂಂಗುಟ್ಟಿದಳು. ನದಿ ಹತ್ತಿರವಾದಂತೆ ಬಿಸಿಲು ಕಾವಲಿಯಾಯಿತು, ಕಚ್ಚುವ ನೊಣಗಳು ಮುತ್ತಿದವು. ಮಧ್ಯಾಹ್ನದ ಹೊತ್ತಿಗೆ ಅವನು ಮಾತು ಕಡಿಮೆ ಮಾಡಿದ. ಬಲ ಮೊಣಕಾಲು ಹಿಡಿದುಕೊಂಡು ಪಕ್ಕವಾರೆಯಾಗಿ ಇಳಿಯುತ್ತಿದ್ದ.

"ಕಾಲಿಗೇನಾಯ್ತು?"

"ಏನಿಲ್ಲ. ಬಿಸಿಯಾದ್ರೆ ಸರಿಹೋಗತ್ತೆ."

"ಬೆಳಗ್ಗೆಯಿಂದ ಬಿಸಿಯಾಗಿದೆಯಲ್ಲ, ಇನ್ನೆಷ್ಟು ಬಿಸಿಯಾಗ್ಬೇಕು?"

ನದಿಯ ಪಕ್ಕದ ಬಿಡಾರದಲ್ಲಿ ಮಲಗಿ ಬೆಳಿಗ್ಗೆ ಎದ್ದಾಗ ಮೊಣಕಾಲು ಕುಂಬಳಕಾಯಿಯಾಗಿತ್ತು. ಅವನು ಎದ್ದು ನಿಂತ, ಮತ್ತೆ ಕೂತ. ಅಷ್ಟರಲ್ಲಿ ಅಕ್ಕಿಯ ಮೂಟೆ, ಗ್ಯಾಸ್ ಸಿಲಿಂಡರ್ ಹೇರಿಸಿಕೊಂಡ ಹೇಸರಗತ್ತೆಗಳ ಜೊತೆ ಇಲಾರಿಯೊ ಎಂಬವನು ಬಂದ. ಮೇಲಿನ ಮರಂಪಾತಾ ಎಂಬ ಹಳ್ಳಿಯವನು. ಒಂದು ಹೇಸರಗತ್ತೆ ಬರಿಬೆನ್ನಿನದಿತ್ತು.

"ಕತ್ತೆ ಮೇಲೆ ಹೋಗೋದಾ ಚೊಕೆಕಿರಾವ್‌ಗೆ?" ಎಂದು ಎಫ್ರಾಯಿನ್ ಮುಖ ಸಿಂಡರಿಸಿದ.

"ಮೇಷ್ಟ್ರೇ, ಇವಳು ನಿಮಗಿಂತ ಜಾಸ್ತಿ ಸಲ ಆ ಕಡೆ ಹೋಗಿದ್ದಾಳೆ," ಎಂದ ಇಲಾರಿಯೊ. "ಬೇಜಾರು ಮಾಡ್ಕೋಬೇಕಾದ್ದು ಅವಳು."

ಮರಂಪಾತಾದಲ್ಲಿ ಇಲಾರಿಯೊನ ಹೆಂಡತಿ ಫೊರ್ತುನಾತಾ ಅಂಗಳದಲ್ಲಿ ಗುಡಾರ ಹಾಕಲು ಜಾಗ ಕೊಟ್ಟು, ಮೊಣಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟಿದಳು. ಅಲ್ಲಿಂದ ಎದುರು ಬೆಟ್ಟದ ಮಗ್ಗುಲಿನಲ್ಲಿ ಚೊಕೆಕಿರಾವ್‌ನ ಹಳೆಯ ಮೆಟ್ಟಿಲುಗದ್ದೆಗಳು ಕಾಣುತ್ತಿದ್ದವು. ಎಫ್ರಾಯಿನ್ ಸಂಜೆಯವರೆಗೆ ಅವನ್ನೇ ನೋಡುತ್ತ ಕೂತ. ಮಾರನೆಯ ದಿನ ಹೇಸರಗತ್ತೆಗಳಿಗೆ ಬೇರೆ ಹೊರೆಯಿತ್ತು. ನಡೆದು ಹೋಗುವುದು ಅವನಿಂದ ಆಗದ ಮಾತು.

"ನೀನು ಹೋಗಿ ಬಾ," ಎಂದ ಹೆಂಡತಿಗೆ. "ಇಬ್ಬರೂ ನೋಡದೆ ವಾಪಸ್ ಹೋದ್ರೆ ಜನ ನಗ್ತಾರೆ. ಎಲ್ಲ ಸರಿಯಾಗಿ ನೋಡು. ಬಂದು ನಂಗೆ ಹೇಳು."

ನೀಲ್ದಾ ಒಬ್ಬಳೇ ಹೋದಳು. ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದಳು. ಎಫ್ರಾಯಿನ್ ಫೊರ್ತುನಾತಾಳ ಜೊತೆ ಜೋಳ ಬಿಡಿಸುತ್ತ ಕಾದ. ಊಟವಾಯಿತು. ನೆರಳು ಅಂಗಳ ದಾಟಿತು. ಅವನು ಕೋಲೂರಿ ಬೇಲಿಯವರೆಗೆ ಹೋಗಿ ಬಂದ, ಮತ್ತೆ ಹೋದ.

"ದಾರಿ ಒಂದೇ ಇರೋದು, ಮೇಷ್ಟ್ರೇ," ಎಂದಳು ಫೊರ್ತುನಾತಾ. "ತಪ್ಪಿಸ್ಕೊಳ್ತೀನಿ ಅಂದ್ರೂ ಆಗಲ್ಲ."

ಹೊತ್ತು ಇಳಿಯುವಾಗ ನೀಲ್ದಾ ಬಂದಳು. ಮೂಗು ಕೆಂಪಾಗಿ ಸುಟ್ಟಿತ್ತು. ಕೈಕಾಲು ತೊಳೆದು ಒಲೆಯ ಪಕ್ಕ ಕೂತಳು. ಫೊರ್ತುನಾತಾ ಆಲೂಗಡ್ಡೆಯ ಸಾರು ಬಡಿಸಿದಳು. ಕಾಲಬಳಿ ಸಾಕಿದ ಗಿನಿ ಇಲಿಗಳು ಕಿಚಿಕಿಚಿ ಎನ್ನುತ್ತಿದ್ದವು.

"ಏನೇನು ನೋಡಿದೆ?" ಎಂದು ಎಫ್ರಾಯಿನ್ ಕೇಳಿದ.

"ಎಲ್ಲ ನೋಡಿದೆ."

"ಎಲ್ಲ ಅಂದ್ರೆ? ದೊಡ್ಡ ಅಂಗಳ? ಗುಡ್ಡದ ತಲೆ ತರಿದು ಸಪಾಟು ಮಾಡಿದ್ದಾರಲ್ಲ, ಅದು? ಕೆಳಗೆ ಗೋಡೆಯೊಳಗೆ ಬಿಳಿಕಲ್ಲಲ್ಲಿ ಲಾಮಾ ಕೂರಿಸಿದ್ದಾರೆ, ಹೊರೆ ಹೊತ್ತ ಪ್ರಾಣಿಗಳ ಸಾಲು, ಅದು?"

"ಲಾಮಾ ನೋಡಿದೆ. ಚೆನ್ನಾಗಿವೆ."

"ಚೆನ್ನಾಗಿವೆ! ಇಡೀ ದಿನ ಇಲ್ಲಿ ಜೋಳ ಬಿಡಿಸ್ಕೊಂಡು ಕೂತಿದ್ದೀನಿ, ನೀನು ಬಂದು ಚೆನ್ನಾಗಿವೆ ಅಂತೀಯ? ಫೋಟೋನಾದ್ರೂ ತೋರ್ಸು."

ಫೋನಿನಲ್ಲಿ ಮೂರೋ ನಾಲ್ಕೋ ಫೋಟೋ ಇದ್ದವು. ಒಂದರಲ್ಲಿ ಅವಳದೇ ಹೆಬ್ಬೆರಳು. ಅವನು ಫೋನನ್ನು ನೆಲದ ಮೇಲಿಟ್ಟ.

"ನಾಳೆ ಇನ್ನೊಂದ್ಸಲ ಹೋಗ್ತೀನಿ," ಎಂದಳು ನೀಲ್ದಾ.

ಅವನ ಮುಖ ಅರಳಿತು. "ಸರಿ, ನಾಳೆ ಹೇಸರಗತ್ತೆ ಖಾಲಿಯಿರತ್ತೆ ಅಂದ ಇಲಾರಿಯೊ. ಕೊನೆಯ ತೊರೆವರೆಗೂ ಬಿಡ್ತಾನಂತೆ. ನಾನೂ ಬರ್ತೀನಿ, ಒಂದೊಂದೂ ನಿಂಗೆ ಬಿಡಿಸಿ ಹೇಳ್ತೀನಿ."

"ನಾನೊಬ್ಬಳೇ ಹೋಗ್ತೀನಿ."

ಫೊರ್ತುನಾತಾ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. "ಸಾರು ಆರೋಗ್ತಿದೆ. ಜಗಳ ಆಡೋಕೂ ಹೊಟ್ಟೆ ತುಂಬಿರ್ಬೇಕು," ಎಂದಳು.

"ಯಾಕೆ?" ಎಂದ ಎಫ್ರಾಯಿನ್.

"ನೀನು ಮಾತಾಡ್ತೀಯ, ಎಫ್ರಾ. ಅಂಗಡೀಲಿ ಅವರೆಲ್ಲ ಮಾತಾಡ್ತಾರೆ, ಮನೇಲಿ ನೀನು. ಅದೇನು ತಪ್ಪಲ್ಲ. ಆದ್ರೆ ಅಲ್ಲಿ ಇವತ್ತು ಯಾರೂ ನಂಗೆ ಏನೂ ಹೇಳ್ಲಿಲ್ಲ. ಗೋಡೆಗೆ ಒರಗಿ ನಿದ್ದೆ ಕೂಡ ಮಾಡಿದೆ. ಅಂಥದು ಇನ್ನೊಂದು ದಿನ ಬೇಕು ನಂಗೆ."

"ಅದು ನನ್ನ ಜಾಗ," ಎಂದ ಅವನು. ಆಡಿದ ಮೇಲೆ ಅವನಿಗೇ ಆ ಮಾತು ಸಣ್ಣದೆನಿಸಿತು. ನೀಲ್ದಾ ಸಾರು ಮುಗಿಸಿ ಬಟ್ಟಲು ತೊಳೆದಿಟ್ಟಳು.

ಬೆಳಿಗ್ಗೆ ಅವನು ಏಳುವ ಮೊದಲೇ ಅವಳು ಹೊರಟುಹೋಗಿದ್ದಳು. ಅವನು ಕಾಫಿ ಕುಡಿದು, ಇಲಾರಿಯೊನನ್ನು ಕರೆದು ಹೇಸರಗತ್ತೆ ತರಲು ಹೇಳಿದ.

"ಅಮ್ಮಾವ್ರು ಬೇಡ ಅಂದ್ರಂತೆ?"

"ಜೊತೆಗೆ ಬೇಡ ಅಂದ್ಲು. ಬರ್ಲೇಬೇಡ ಅಂದಿಲ್ಲ."

ಇಲಾರಿಯೊ ಜೀನು ಬಿಗಿಯುತ್ತ ನಕ್ಕ. "ವಕೀಲ ಆಗ್ಬೇಕಿತ್ತು ನೀವು."

ತೊರೆಯ ಬಳಿ ಇಲಾರಿಯೊ ಹೇಸರಗತ್ತೆಯೊಂದಿಗೆ ಉಳಿದ. ಅಲ್ಲಿಂದ ಎಫ್ರಾಯಿನ್ ಕೋಲೂರಿ, ಹಲವು ಕಡೆ ಕೂತು ತೆವಳಿ, ದೊಡ್ಡ ಅಂಗಳ ಸೇರಿದ. ಹುಲ್ಲು, ಕಲ್ಲಿನ ಗೋಡೆಗಳು, ಆಚೆ ಆಳದಲ್ಲಿ ನದಿ. ಎಲ್ಲ ಅವನು ಓದಿದ ಕಡೆಯೇ ಇದ್ದವು. ಈ ಕೋಣೆ ಇಂಥದು, ಆ ಕಾಲುವೆ ಇಂಥದು ಎಂದು ಬಾಯಿತುದಿಗೆ ಬಂತು. ಕೇಳುವವರು ಯಾರೂ ಇರಲಿಲ್ಲ. ದೂರದಲ್ಲಿ ಕಾವಲುಗಾರನೊಬ್ಬ ಬಾಗಿ ಹುಲ್ಲು ಕೊಯ್ಯುತ್ತಿದ್ದ. ಎಫ್ರಾಯಿನ್ ಇಷ್ಟು ವರ್ಷ ಕಾದದ್ದಕ್ಕೆ ಅಳು ಬರುತ್ತದೆಂದು ಎಣಿಸಿದ್ದ. ಬರಲಿಲ್ಲ. ಕಾಲು ನೋಯುತ್ತಿತ್ತು, ಗಾಳಿ ತಣ್ಣಗಿತ್ತು.

ಅಂಗಳದ ಅಂಚಿಗೆ ಬಂದು ಕೆಳಗೆ ಇಣುಕಿದ. ಕಡಿದಾದ ಮೆಟ್ಟಿಲುಗಳ ಕೆಳಗೆ, ಗದ್ದೆಗಳ ಒಂದು ಅಂಚಿನಲ್ಲಿ ನೀಲ್ದಾ ಮಲಗಿದ್ದಳು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮುಖಕ್ಕೆ ಟೋಪಿ ಮುಚ್ಚಿಕೊಂಡಿದ್ದಳು. ಅವನ ಮೊಣಕಾಲಿಗೆ ಆ ಮೆಟ್ಟಿಲು ಸಾಧ್ಯವಿರಲಿಲ್ಲ. ಕೂಗಿದ್ದರೆ ಕೇಳಿಸುತ್ತಿತ್ತು. ಗೋಡೆಗೆ ಒರಗಿ ಕೂತು ಚೀಲದಿಂದ ಕಿತ್ತಳೆ ತೆಗೆದು ಸುಲಿದ. ಆಗಾಗ ಕತ್ತು ಚಾಚಿ ನೋಡುತ್ತಿದ್ದ. ಅವಳು ಒಮ್ಮೆ ಮಗ್ಗುಲು ಬದಲಾಯಿಸಿದಳು. ಒಮ್ಮೆ ಎದ್ದು ಕೂತು, ಕಣಿವೆಯನ್ನು ನೋಡುತ್ತ ಏನನ್ನೋ ತಿಂದಳು. ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ಅವಳು ನಿರಾಳವಾಗಿ ಕೂತದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ. ನೋಡಬಾರದ್ದನ್ನು ನೋಡುತ್ತಿದ್ದೇನೆ ಎನಿಸಿ ಹಿಂದೆ ಸರಿದ.

ಬಿಸಿಲು ಓರೆಯಾದ ಮೇಲೆ ಅವಳು ಮೆಟ್ಟಿಲು ಹತ್ತಿ ಬಂದಳು. ಅವನನ್ನು ಕಂಡು ನಿಂತಳು.

"ಯಾವಾಗ ಬಂದೆ?"

"ಈಗ ತಾನೇ."

ಅವಳು ಅವನ ಕಾಲಬಳಿ ಒಣಗುತ್ತಿದ್ದ ಸಿಪ್ಪೆಗಳನ್ನು ನೋಡಿದಳು. "ಈಗ ತಾನೇ ಬಂದೋನು ಇಷ್ಟೊಂದು ಕಿತ್ತಳೆ ತಿಂದ್ಯಾ?"

"ಹಸಿವಾಗಿತ್ತು."

"ಕೂಗ್ಬೇಕಿತ್ತಲ್ಲ."

"ನೀನು ನಿದ್ದೆ ಮಾಡ್ತಿದ್ದೆ."

ನೀಲ್ದಾ ಅವನ ಪಕ್ಕ ಕೂತು ಉಳಿದ ಕಿತ್ತಳೆಯನ್ನು ಇಬ್ಭಾಗ ಮಾಡಿದಳು. "ಆ ಲಾಮಾಗಳಲ್ಲಿ ಒಂದು ಮರಿ ಇದೆ," ಎಂದಳು. "ಅಮ್ಮನ ಬೆನ್ನ ಹಿಂದೆ."

"ಗೊತ್ತು, ಅದು..." ಎಂದು ಶುರುಮಾಡಿದವನು ನಿಲ್ಲಿಸಿದ. "ಹೇಳು."

ಅವಳು ಹೇಳಿದಳು. ಕಲ್ಲನ್ನು ಹೇಗೆ ಕೂರಿಸಿದ್ದಾರೆ, ಯಾವುದರ ಕಾಲು ಗಿಡ್ಡ, ಯಾವುದು ಕತ್ತು ನಿಗುರಿಸಿ ಅಂಗಡಿಯ ಗಿರಾಕಿಯೊಬ್ಬಳ ಹಾಗೆ ನಿಂತಿದೆ. ಕಟ್ಟಿದವನು ಆ ಮರಿಯನ್ನು ಕೊನೆಗೆ, ಜಾಗ ಉಳಿದದ್ದಕ್ಕೆ ಸೇರಿಸಿರಬೇಕು ಎಂದಳು. ಅಂಥ ಮಾತು ಎಫ್ರಾಯಿನ್ ಎಲ್ಲೂ ಓದಿರಲಿಲ್ಲ. ತಪ್ಪಿರಬಹುದು ಎಂದುಕೊಂಡ, ಹೇಳಲಿಲ್ಲ.

ಎರಡು ದಿನ ಬಿಟ್ಟು ಬೆಟ್ಟ ಇಳಿದರು, ಅವನು ಹೇಸರಗತ್ತೆಯ ಮೇಲೆ, ಅವಳು ಹಿಂದೆ ನಡೆದು. ನದಿ ಹತ್ತಿರವಾಗುತ್ತಿದ್ದಂತೆ ಅವನ ಮಾತು ಮತ್ತೆ ಶುರುವಾಯಿತು. ಕೋಲೆತ್ತಿ ಇಲಾರಿಯೊನಿಗೆ ಸೇತುವೆಯ ಚರಿತ್ರೆ ಹೇಳುತ್ತಿದ್ದ. ನೀಲ್ದಾ ಬೂಟಿನೊಳಗೆ ಸೇರಿದ್ದ ಕಲ್ಲು ತೆಗೆಯಲು ಕೂತವಳು, ಅವರು ಎರಡು ತಿರುವು ದಾಟುವವರೆಗೆ ಏಳಲಿಲ್ಲ.