ಹಗಲು ಹೊತ್ತಿನ ಕೂಸು

ಮುದುಕಮ್ಮ ಐದು ಮಕ್ಕಳನ್ನು ಹೆತ್ತವಳು. ಸಾಲಗುಂದದ ಕೇರಿಯಲ್ಲಿ ಯಾರ ಕೂಸು ಅತ್ತರೂ ಮೊದಲು ಕರೆ ಬರುತ್ತಿದ್ದುದು ಅವಳಿಗೇ. ಹೊಟ್ಟೆ ಉಬ್ಬಿದರೆ ಓಮಿನ ನೀರು, ನೆಗಡಿಗೆ ಬಜೆ, ದೃಷ್ಟಿಯಾದರೆ ಒಣ ಮೆಣಸಿನಕಾಯಿ. ಅಂಥವಳು ಮಸ್ಕಿಯಲ್ಲಿ ಮಗನ ಬಾಡಿಗೆ ಮನೆಯ ನಡುಮನೆಯಲ್ಲಿ, ಎಂಟು ತಿಂಗಳ ಮೊಮ್ಮಗಳು ಮಾಡುತ್ತಿದ್ದುದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು.

ಕೂಸಿನ ಹೆಸರು ಮೈತ್ರಿ. ಚಾಪೆಯ ಮೇಲೆ ಬೋರಲು ಬಿದ್ದಿದ್ದ ಅದು ಎರಡೂ ಅಂಗೈ ನೆಲಕ್ಕೆ ಊರಿ ಎದೆ ಎತ್ತಿತು. ಆಮೇಲೆ ಮೊಣಕಾಲು ಮಡಚಿ ಕುಂಡೆ ಎತ್ತಿತು. ನಾಲ್ಕು ಕಾಲಿನ ಕರುವಿನಂತೆ ನಿಂತು ಮೈಯನ್ನು ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ ತೂಗತೊಡಗಿತು. ಹೋಗುವುದಿಲ್ಲ, ಬರುವುದಿಲ್ಲ. ನಿಂತಲ್ಲೇ ತೂಗಾಟ. ಬಾಯಿಯಿಂದ ಜೊಲ್ಲಿನ ದಾರ ಇಳಿದು ಚಾಪೆ ಮುಟ್ಟಿತು. ಇಪ್ಪತ್ತು ಸಲ ತೂಗಿದ ಮೇಲೆ ಕೈ ಸೋತು ದೊಪ್ಪೆಂದು ಬಿತ್ತು. ಬಿದ್ದಲ್ಲೇ ಕೈಕಾಲು ನಾಲ್ಕನ್ನೂ ಗಾಳಿಗೆತ್ತಿ ಮೀನು ಈಜಿದಂತೆ ಬಡಿಯಿತು. ಒಂದು ಕ್ಷಣ ಸುಧಾರಿಸಿಕೊಂಡು ಮತ್ತೆ ಎದ್ದಿತು. ಮತ್ತೆ ಅದೇ.

ಸೋಮವಾರ ಹಾಗೆ ಮಾಡಿತು. ಮಂಗಳವಾರ ಬೆಳಗಿನ ಅಂಬಲಿ ಕುಡಿದ ಮೇಲೆ ಒಮ್ಮೆ, ಮಲಗಿ ಎದ್ದ ಮೇಲೆ ಎರಡು ಸಲ. ಬುಧವಾರವಂತೂ ಹಗಲಿಡೀ ಅದೇ ಕೆಲಸ.

ಈ ಮನೆಗೆ ಮುದುಕಮ್ಮ ಬಂದು ಹದಿನೈದು ದಿನವಷ್ಟೇ ಆಗಿತ್ತು. ಸೊಸೆ ಅನುಪಮಾ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಹೆರಿಗೆ ರಜೆ ಮುಗಿದಿತ್ತು, ತವರಿನವರೂ ಆದಷ್ಟು ದಿನ ಇದ್ದು ಹೋಗಿದ್ದರು. ಮಗ ಹುಲಿಗೇಶ ಸಂತೆಕಲ್ಲೂರಿನ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರು, ಬೆಳಿಗ್ಗೆ ಎಂಟಕ್ಕೇ ಬಸ್ಸು ಹಿಡಿಯುವವನು. ಹಾಗಾಗಿ ತಾಯಿಯನ್ನು ಕರೆಸಿಕೊಂಡರು. ಅರವತ್ತೈದು ವರ್ಷದ ಮುದುಕಮ್ಮ ಸೂರ್ಯ ನೆತ್ತಿಯ ಮೇಲಿರುವಾಗ ಒಂದು ಸೂರಿನ ಕೆಳಗೆ ಕೂತದ್ದು ಅವಳ ಆಯುಷ್ಯದಲ್ಲಿ ಇದೇ ಮೊದಲು. ನಾಟಿ, ಕಳೆ, ಕೊಯ್ಲು ಎಂದು ಮಂದಿಯ ಗದ್ದೆಗೆ ಬೆಳಕು ಹರಿಯುವ ಮೊದಲೇ ಹೋಗಿ ಕತ್ತಲಿಗೆ ಬಂದವಳು. ಆ ಗದ್ದೆಗಳ ಅಕ್ಕಿ ಎಲ್ಲೆಲ್ಲಿಯ ಮಕ್ಕಳ ಬಾಯಿಗೋ ಹೋಯಿತು. ಅವಳ ಮಕ್ಕಳು ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ತೂಗಿದವು.

ಅವಳು ಪಕ್ಕದ ಮನೆಯ ಮೈಮುನಾಬಿಯನ್ನು ಕರೆದಳು. ಮೈಮುನಾಬಿಯೂ ಆರು ಹೆತ್ತವಳು. ಮೂವತ್ತು ವರ್ಷ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಉಗುರು ಕಪ್ಪು ಮಾಡಿಕೊಂಡವಳು. ಬಾಗಿಲಿಗೆ ಒರಗಿ ಕೂಸನ್ನು ನೋಡಿ ಅವಳ ಮುಖವೂ ಕೆಟ್ಟಿತು.

"ಯಾ ಅಲ್ಲಾ! ಯಾವಾಗಿಂದ ಹಿಂಗ ಅಕ್ಕಾ?"

"ಮೂರು ದಿನ ಆತು. ನಿನ್ನ ಮಕ್ಕಳು ಮಾಡಿದ್ವೇನು?"

"ಒಂದೂ ಮಾಡಿಲ್ಲ ನೋಡು. ಆರರಾಗ ಒಂದೂ ಇಲ್ಲ."

"ನನ್ನ ಐದೂ ಮಾಡಿಲ್ಲ."

ಹನ್ನೊಂದು ಮಕ್ಕಳ ಸಾಕ್ಷಿ. ಅದಕ್ಕಿಂತ ದೊಡ್ಡ ಪುರಾವೆ ಎಲ್ಲಿಂದ ತರಬೇಕು? ಮುದುಕಮ್ಮನ ಎದೆಯಲ್ಲಿ ಮೂರನೆಯ ಕೂಸು ಗಾದಿಲಿಂಗ ಕದಲಿದ. ಹತ್ತು ತಿಂಗಳ ಗಾದಿಲಿಂಗ ಒಂದು ಮಧ್ಯಾಹ್ನ ಕೈಕಾಲು ಬಡಿದುಕೊಂಡು ಹೋಗಿಬಿಟ್ಟಿದ್ದ. ಅವಳು ಗದ್ದೆಯಿಂದ ಬರುವಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು. ಅವನಿಗೆ ಬರೆ ಹಾಕಿಸದೆ ಇದ್ದುದಕ್ಕೇ ಹೀಗಾಯಿತು ಎಂದು ಕೇರಿ ಹೇಳಿತು. ಆಮೇಲೆ ಹುಟ್ಟಿದ ಅಮರೇಶ್ವರಿಗೂ ಹುಲಿಗೇಶನಿಗೂ ಅವಳೇ ಅರಿಶಿನ ಕೊಂಬಿನ ತುದಿ ಸುಟ್ಟು ಹೊಕ್ಕುಳ ಸುತ್ತ ನಾಲ್ಕು ನಾಲ್ಕು ಬರೆ ಎಳೆದಳು. ಇಬ್ಬರೂ ಬದುಕಿದರು.

ಸಂಜೆ ಅನುಪಮಾ ಬಂದಾಗ ಕೂಸು ತಾಯಿಯ ಕೊರಳು ಬಿಡಲಿಲ್ಲ. ಚಾಪೆಯ ಮೇಲೆ ಇಳಿಸಿದರೆ ಅತ್ತಿತು. ತೂಗಾಟ ತೋರಿಸು ಎಂದರೆ ತೋರಿಸುವ ಕೂಸೇ ಅದು? ಮುದುಕಮ್ಮ ಬಾಯಿಂದಲೇ ಹೇಳಬೇಕಾಯಿತು.

ಅನುಪಮಾ ಪೂರ್ತಿ ಕೇಳಿ, "ಶನಿವಾರ ಸಿಂಧನೂರಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರ್ಸೋಣ ಅತ್ತಿ. ಮತ್ತ ಮಾಡಿದ್ರ ಫೋನಿನಾಗ ವಿಡಿಯೋ ಹಿಡೀರಿ" ಎಂದಳು.

"ನನಗ ಆ ಫೋನು ಎತ್ತಾಕ, ಹಚ್ಚಾಕ ಅಷ್ಟ ಬರ್ತೈತಿ. ಶನಿವಾರದ ತನಕ ಏನಾರ ಆದ್ರ? ನಾಕು ಬರೆ ಎಳದ್ರ ಮುಗೀತು."

ಅನುಪಮಾ ಕೂಸನ್ನು ಎದೆಗೆ ಒತ್ತಿಕೊಂಡಳು. "ಅದೊಂದು ಮಾತು ಈ ಮನ್ಯಾಗ ಆಡಬ್ಯಾಡ್ರಿ. ಆಕಿ ಮೈಮ್ಯಾಲೆ ಒಂದು ಸುಟ್ಟ ಕಲಿ ಬಿದ್ರೂ ನಾ ನಿಮ್ಮ ಕೈಯಾಗ ಮತ್ತ ಕೂಸು ಕೊಡಂಗಿಲ್ಲರಿ."

ಹುಲಿಗೇಶ ನಗಿಸಲು ನೋಡಿದ. ಬನಿಯನ್ ಎತ್ತಿ ಹೊಟ್ಟೆ ತೋರಿಸಿದ. "ಮನಿಗೆ ಒಬ್ಬಂವ ಸಾಕಲ್ಲೇನವ್ವಾ, ಎತ್ತಿನಂಗ ಗುರುತು ಹಾಕಿಸಿಕೊಂಡಂವ?"

"ಆ ಗುರುತಿಗೇ ನೀ ಬದುಕೀದಿ ಮಗನ" ಎಂದಳು ಮುದುಕಮ್ಮ.

ಗುರುವಾರ ಬೆಳಿಗ್ಗೆ ಇಬ್ಬರೂ ಹೋದ ಮೇಲೆ ಕೂಸು ಮತ್ತೆ ಶುರು ಮಾಡಿತು. ಈ ಸಲ ತೂಗುತ್ತಾ ಹಣೆಯನ್ನು ನೆಲಕ್ಕೆ ಬಡಿದುಕೊಂಡಿತು. ಅತ್ತು, ಸುಮ್ಮನಾಗಿ, ಮತ್ತೆ ಎದ್ದು ತೂಗಿತು. ನೋವಾದರೂ ಬಿಡುವುದಿಲ್ಲವೆಂದರೆ ಅದು ಕೂಸಿನ ಇಚ್ಛೆಯಲ್ಲ, ಬೇರೆ ಯಾವುದೋ ಅದನ್ನು ಹಿಡಿದು ಆಡಿಸುತ್ತಿದೆ ಎಂದು ಮುದುಕಮ್ಮನಿಗೆ ಖಾತ್ರಿಯಾಯಿತು. ಸೊಸೆಯ ಮಾತು ಕಿವಿಯಲ್ಲಿತ್ತು. ಕೂಸು ಉಳಿದು ತನ್ನ ಕೈ ತಪ್ಪಿದರೂ ಸರಿ, ಕೂಸು ಉಳಿಯಲಿ. ಅವಳು ಫೋನು ಎತ್ತಿ ಹಿರಿಮಗಳಿಗೆ ಹಚ್ಚಿದಳು.

"ಆದವ್ವಾ, ಈಗಿಂದೀಗ ಬಾ. ಕೂಸಿನ ಕಾಲು ಹಿಡಿಯಾಕ ಬೇಕು."

ಆದಮ್ಮ ಲಿಂಗಸುಗೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ತಮ್ಮನಿಗೂ ತಂಗಿಗೂ ಬರೆ ಹಾಕುವಾಗ ಕಾಲು ಹಿಡಿದವಳೂ ಅವಳೇ. ಹನ್ನೊಂದೂವರೆಗೆ ಬಸ್ಸಿಳಿದು, ಉಸಿರು ಬಿಡುತ್ತಾ ಬಾಗಿಲಲ್ಲಿ ಚಪ್ಪಲಿ ಕಳಚಿದಳು.

"ಜೀವ ಹೋದವರಂಗ ಫೋನ್ ಮಾಡ್ತೀಯಲ್ಲ ಬೇ! ಸಾರಿಗೆ ಒಗ್ಗರಣಿ ಹಾಕಿ, ಸೌಟು ಸರ್ದಾರಬಿ ಕೈಯಾಗ ಕೊಟ್ಟು ಬಂದೀನಿ. ಅಕಿ ಉಪ್ಪು ಹಾಕ್ಯಾಳೋ ಇಲ್ಲೋ, ಇವತ್ತು ನೂರು ಹುಡುಗ್ಯಾರು ನನ್ನ ಬೈಕೋತ ಉಣ್ತಾರ."

"ಬಾಯಿ ಆಮ್ಯಾಲೆ ಮಾಡು. ಮೊದಲು ಕಾಲು ಹಿಡಿ."

ಆದಮ್ಮ ಅಡುಗೆಮನೆಯತ್ತ ನೋಡಿದಳು. ಗ್ಯಾಸಿನ ಒಲೆ ಉರಿಯುತ್ತಿತ್ತು. ಪಕ್ಕದಲ್ಲಿ ಇಕ್ಕಳ, ಅದರ ಬಾಯಲ್ಲಿ ಅರಿಶಿನ ಕೊಂಬು.

"ಏನಾಗೈತಿ ಕೂಸಿಗೆ?"

"ಗಾದಿಲಿಂಗಗ ಆಗಿತ್ತಲ್ಲ, ಅದ."

ಆದಮ್ಮ ಕಾಲು ಹಿಡಿಯಲಿಲ್ಲ. ಚಾಪೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಕೂಸು ಹೊಸ ಮುಖ ಕಂಡು ಒಂದು ಗಳಿಗೆ ಬೆರಗಾಗಿ, ಆಮೇಲೆ ತನ್ನ ಕೆಲಸಕ್ಕೆ ಹೊರಳಿತು. ಅಂಗೈ ಊರಿತು, ಮೊಣಕಾಲು ಮಡಚಿತು, ತೂಗತೊಡಗಿತು. ಆದಮ್ಮ ನೆಲಕ್ಕೆ ಕೆನ್ನೆ ಹಚ್ಚಿ ಅದರ ಕಣ್ಣಲ್ಲಿ ಕಣ್ಣಿಟ್ಟಳು. "ಮೈತ್ರವ್ವಾ" ಎಂದು ಕರೆದಳು. ತೂಗಾಟ ನಿಂತಿತು. ಕೂಸು ನೋಡಿತು, ಎರಡು ಹಲ್ಲು ತೋರಿಸಿ ನಕ್ಕಿತು, ಮತ್ತೆ ತೂಗಿತು.

ಆದಮ್ಮ ಎದ್ದು ಹೋಗಿ ಒಲೆ ಆರಿಸಿದಳು. ಬಂದು ಗೋಡೆಗೆ ಒರಗಿ ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

"ಇದನ್ನ ನೋಡಿ ಹೆದರೀಯೇನವ್ವಾ? ಐದು ಹೆತ್ತಾಕಿ!"

"ನಗಬ್ಯಾಡ ಬೇ. ನಿಮ್ಮೊಳಗ ಒಬ್ಬರೂ ಹಿಂಗ ಮಾಡಿಲ್ಲ."

"ಎಲ್ಲಾರೂ ಮಾಡ್ಯಾರ! ನಿಂಗರಾಜ ಮಾಡಿದ, ಅಮರೇಶ್ವರಿ ಮಾಡಿದಳು. ಹುಲಿಗೇಶ ಅಂತೂ ತೂಗಿ ತೂಗಿ ಹಣಿ ಮ್ಯಾಲೆ ಬುಗುಟಿ ಎಬ್ಬಿಸಿಕೊಂಡಿದ್ದ. ಅಂಬೆಗಾಲು ಇಡೂಕಿಂತ ಮೊದಲು ಕೂಸು ಹಿಂಗ ಕಸರತ್ತು ಮಾಡ್ತೈತಿ. ಕೈಗೆ ಬಲ ಬಂದೈತಿ, ಮೊಣಕಾಲಿಗೂ ಬಂದೈತಿ. ಎರಡನ್ನೂ ಕೂಡಿಸೋದು ಹೆಂಗಂತ ಇನ್ನೂ ತಿಳಿವಲ್ದು ಅಕಿಗೆ. ಅದನ್ನ ಹುಡುಕಾಕತ್ತಾಳ."

"ಮತ್ತ ನಾ ಹೆಂಗ ನೋಡಿಲ್ಲ?"

ಆದಮ್ಮ ತಾಯಿಯನ್ನು ನೋಡಿದಳು. ಸಿಟ್ಟಿನ ನೋಟವಲ್ಲ ಅದು, ಬಹಳ ದಿನದಿಂದ ಮಡಚಿಟ್ಟ ಬಟ್ಟೆಯನ್ನು ಬಿಚ್ಚುವವರ ನೋಟ.

"ನೀ ಎಲ್ಲಿದ್ದಿ ಬೇ ಹಗಲು ಹೊತ್ತು? ಜೋಳಿಗ್ಯಾಗ ಹಾಕಿ ತೂಗು ಅಂತ ಹೇಳಿ ಹೋಗ್ತಿದ್ದಿ. ನಾ ಏಳು ವರ್ಸದಾಕಿ, ಎಷ್ಟಂತ ತೂಗ್ಲಿ? ನೀ ಆ ಕಡೆ ಹೋದ ಕೂಡ್ಲೇ ಕೆಳಗ ಬಿಡ್ತಿದ್ದೆ. ಅವು ತೂಗ್ತಿದ್ದವು, ಬೀಳ್ತಿದ್ದವು, ನಾ ಚಪ್ಪಾಳಿ ಬಡೀತಿದ್ದೆ. ಕೂಸಿನ ಮೈಗೆ ಮಣ್ಣು ಹತ್ತಿದ್ರ ನೀ ಬೆನ್ನು ಮುರೀತಿದ್ದಿ. ಅದಕ್ಕ ಹೊತ್ತು ಮುಳುಗೂಕಿಂತ ಮೊದಲು ಮೊಣಕಾಲು ಒರೆಸಿ ಜೋಳಿಗ್ಯಾಗ ಹಾಕಿ ಇಡ್ತಿದ್ದೆ. ನೀ ಬರೂದ್ರಾಗ ಅವೂ ಮಕ್ಕೊಂಡಿರ್ತಿದ್ದವು, ನಾನೂ ಮಕ್ಕೊಂಡಿರ್ತಿದ್ದೆ."

ಮುದುಕಮ್ಮ ಕಂಡದ್ದು ಇಷ್ಟು: ಒಂದು ದಿನ ಕೂಸು ಜೋಳಿಗೆಯಲ್ಲಿ ಇರುತ್ತಿತ್ತು, ಇನ್ನೊಂದು ದಿನ ಗದ್ದೆಯಿಂದ ಬಂದರೆ ಹೊಸ್ತಿಲ ತನಕ ಅಂಬೆಗಾಲಿನಲ್ಲಿ ಬರುತ್ತಿತ್ತು. ನಡುವಿನದು ಎಲ್ಲಿ ಹೋಯಿತು ಎಂದು ಅವಳು ಕೇಳಿಕೊಂಡೇ ಇರಲಿಲ್ಲ. ಕೇಳಲು ಬಿಡುವು ಕೊಟ್ಟವರಾರು? ಐದು ಮಕ್ಕಳ ಹಗಲುಗಳನ್ನು ಗದ್ದೆಯ ಸಾಹುಕಾರರು ಕೂಲಿಯ ಜೊತೆಗೇ ಬಿಟ್ಟಿ ತೆಗೆದುಕೊಂಡಿದ್ದರು. ಶಾಲೆಗೆ ಹೋಗಬೇಕಾಗಿದ್ದ ಹುಡುಗಿಯೊಬ್ಬಳು ಅವುಗಳನ್ನೆಲ್ಲ ಕಣ್ಣಿಟ್ಟು ಕಾದಿದ್ದಳು.

"ಹಂಗಾರ ಗಾದಿಲಿಂಗಂದು?" ಮುದುಕಮ್ಮನ ದನಿ ಸಣ್ಣದಾಗಿತ್ತು.

"ಅದನ್ನೂ ನಾನ ನೋಡೀನಿ" ಎಂದಳು ಆದಮ್ಮ. "ಅದು ಹಿಂಗಿರಲಿಲ್ಲ. ಮೈಯಾಗ ಬೆಂಕಿಯಂಥ ಜ್ವರ ಇತ್ತು. ಕಣ್ಣು ಮ್ಯಾಲೆ ಹೋಗಿದ್ದವು, ಮೈ ಕಟಿಗಿ ಆಗಿ ಸೆಟೆದಿತ್ತು, ಎಷ್ಟು ಕರೆದ್ರೂ ನನ್ನ ಕಡೆ ನೋಡಲಿಲ್ಲ. ನಾ ಗದ್ದಿತನಕ ಓಡಿ ಬಂದೆ. ಮೇಸ್ತ್ರಿ ಬದುವಿನ ಮ್ಯಾಲೆ ನಿಂತಿದ್ದ. ಈ ಮಡಿ ನಾಟಿ ಮುಗೀಲಿ, ಆಮ್ಯಾಲೆ ಹೋಗಂತಿ ಅಂದ. ನೀ ಬಗ್ಗಿದಾಕಿ ಹಂಗ ಬಗ್ಗಿದಿ."

"ಬಗ್ಗಿದೆ" ಎಂದಳು ಮುದುಕಮ್ಮ.

"ಬರೆ ಹಾಕಿದ್ರ ಉಳೀತಿದ್ದಿಲ್ಲ ಬೇ ಅದು. ದವಾಖಾನಿಗೆ ಒಯ್ದಿದ್ರ ಉಳೀತಿತ್ತೋ ಏನೋ."

ಅಷ್ಟರಲ್ಲಿ ಕೂಸಿಗೆ ಅಜ್ಜಿಯ ಎಲೆಯಡಿಕೆಯ ಚೀಲ ಕಂಡಿತು. ಕೆಂಪು ಬಟ್ಟೆಯ ಚೀಲ, ಎರಡು ಮೊಳ ದೂರದಲ್ಲಿ. ಅದು ತೂಗಿತು, ತೂಗಿ ಕೈ ಒತ್ತಿತು. ಮೈ ಜರುಗಿತು. ಆದರೆ ಮುಂದಕ್ಕಲ್ಲ, ಹಿಂದಕ್ಕೆ! ಚೀಲ ದೂರವಾಯಿತು. ಕೂಸು ದಂಗಾಗಿ ನೋಡಿತು. ಮತ್ತೆ ಕೈ ಒತ್ತಿತು. ಇನ್ನೂ ಹಿಂದಕ್ಕೆ ಹೋಯಿತು. ಸಿಟ್ಟಿಗೆದ್ದು ಕಿರುಚಿತು.

ಮುದುಕಮ್ಮನಿಗೆ ತಡೆಯಲಾಗಲಿಲ್ಲ. "ನಾಟಿ ಹಚ್ಚೋರಂಗ ಹಿಂದ ಹಿಂದ ಹೊಂಟಾಳಲ್ಲೇ ಇಕಿ!"

"ನಿನ್ನ ಮೊಮ್ಮಗಳು ಬಿಡು" ಎಂದು ನಕ್ಕಳು ಆದಮ್ಮ. "ಬಾ ಇಲ್ಲಿ. ಅಕಿ ಪಾದದ ಹಿಂದ ನಿನ್ನ ಅಂಗೈ ಹಿಡಿ. ದಬ್ಬಬ್ಯಾಡ. ಗ್ವಾಡಿ ಆಗು, ಅಷ್ಟ ಸಾಕು. ನಿಂಗರಾಜಗ ನಾ ಹಿಂಗ ಮಾಡ್ತಿದ್ದೆ."

ಮುದುಕಮ್ಮ ನೋವಿನ ಮಂಡಿ ಮಡಚಿ ನೆಲಕ್ಕೆ ಇಳಿದಳು. ಎರಡೂ ಅಂಗೈಗಳನ್ನು ಕೂಸಿನ ಅಂಗಾಲಿಗೆ ಆನಿಸಿದಳು. ಕೆಸರು ತಿಂದು ಒಡೆದು ಒರಟಾದ ಅಂಗೈ, ಇನ್ನೂ ನೆಲ ಮೆಟ್ಟದ ಅಂಗಾಲು. ಕೂಸು ಒಂದು ಸಲ ತೂಗಿತು. ಎರಡು ಸಲ ತೂಗಿತು. ಆಮೇಲೆ ಒದ್ದಿತು. ಎಂಥ ಒದೆತ! ಅಜ್ಜಿಯ ಮಣಿಕಟ್ಟು ಜುಂ ಎಂದಿತು. ಕೂಸಿನ ಒಂದು ಕೈ ಮೇಲೆದ್ದು ಮುಂದೆ ಬಿತ್ತು. ಅದರ ಹಿಂದೆ ಮೊಣಕಾಲು ಎಳೆದುಕೊಂಡು ಬಂತು.

"ಬಂದಳು!" ಎಂದು ಆದಮ್ಮ ಚಪ್ಪಾಳೆ ಬಡಿದಳು, ಏಳು ವರ್ಷದವಳ ಹಾಗೆ.

ಮುದುಕಮ್ಮ ಅಂಗೈಯನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದಳು. ನಾಲ್ಕು ದಿನದಿಂದ ಇದು ಯಾರ ಹೇಳಿಕೆಯೂ ಇಲ್ಲದೆ, ಹಣೆ ಬಡಿದುಕೊಂಡರೂ ಬಿಡದೆ, ಒಂದೇ ಪಾಠವನ್ನು ನೂರಾರು ಸಲ ತಿದ್ದಿತ್ತಲ್ಲ. ಗಾಳಿಯಲ್ಲ, ಸೋಂಕಲ್ಲ. ಹಠ ಇದು. ಇಂಥ ಹಠದ ಮೈಗೆ ತಾನು ಕಾಯಿಸಿದ ಕೊಂಬು ಹಚ್ಚಲು ಹೊರಟಿದ್ದಳು.

"ನಿನ್ನ ಯಾರು ನೋಡಿದ್ರು ಆದವ್ವಾ?" ಎಂದು ಇದ್ದಕ್ಕಿದ್ದಂತೆ ಕೇಳಿದಳು. "ನೀ ಮೊದಲನೇದಾಕಿ. ನೀ ಹೆಂಗ ತೂಗಿದಿ, ಯಾವ ಕಡೆ ಸರದಿ?"

"ನನಗೇನು ಗೊತ್ತು? ಬದುವಿನ ಮ್ಯಾಲಿನ ನಾಯಿ ನೋಡಿರಬೇಕು" ಎಂದಳು ಆದಮ್ಮ, ತಟ್ಟನೆ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅನುಪಮಾಳ ಫೋನು ಬಂತು. ದನಿಯಲ್ಲಿ ಅಂಜಿಕೆ. "ಅತ್ತಿ, ಮತ್ತ ಹಂಗ ಮಾಡಿದಳೇನ್ರಿ?"

"ಮಾಡಾಕತ್ತಾಳ. ಮೊದಲು ಒಂದು ಮಾತು ಕೇಳವ್ವ. ಬರೆ ಹಾಕಬೇಕಂತ ನಾ ಒಲಿ ಹಚ್ಚಿದ್ದೆ. ಆದಮ್ಮ ಬಂದು ಆರಿಸಿದಳು. ಕೂಸಿಗೆ ಏನೂ ಆಗಿಲ್ಲ. ಬೈಯೋದಿದ್ರ ಮನಿಗೆ ಬಂದು ಬೈ."

ಬೈಗುಳಕ್ಕೂ ಕಾಯದೆ ಮುದುಕಮ್ಮ ಮುಂದುವರಿಸಿದಳು. "ಈಗ ಅರ್ಧ ದಿನ ರಜಾ ಹಾಕಿ ಬಾ. ನಿನ್ನ ಮಗಳು ಅಂಬೆಗಾಲು ಇಡಾಕತ್ತಾಳ. ನಾಳಿಗೆ ಬಂದ್ರ ಕಲ್ತ ಕೂಸು ಸಿಗ್ತೈತಿ. ಕಲಿಯೋ ಕೂಸು ಇವತ್ತ ಅಷ್ಟ."

"ಸಾಹೇಬ್ರು ಕೊಡಂಗಿಲ್ರಿ ಅತ್ತಿ, ಇವತ್ತು ಮೀಟಿಂಗ್ ಐತಿ…"

"ಅವರು ಕೊಡೋದು ಆಮ್ಯಾಲೆ. ನೀ ಹೋಗಿ ಅವರ ಮುಂದ ನಿಂತು ಕೇಳು" ಎಂದಳು ಮುದುಕಮ್ಮ. "ನಾ ಕೇಳಲಿಲ್ಲವ್ವ. ಬಗ್ಗಿದ ತಲಿ ಎತ್ತಲೇ ಇಲ್ಲ. ನೀ ಕೇಳು."

ಫೋನು ಕೆಳಗಿಟ್ಟು ಅವಳು ಮತ್ತೆ ಅಂಗೈ ಆನಿಸಿದಳು. ಕೂಸು ಕೆಂಪು ಚೀಲದ ಕಡೆಗೆ ಕಣ್ಣು ನೆಟ್ಟು ತೂಗತೊಡಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಅಂಗಳದ ಗೇಟು ಕಿರ್ರೆಂದಿತು. ಯಾರೋ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಬರುತ್ತಿದ್ದರು.