ಕಿಟಕಿ ತೆರೆದಿತ್ತೇ

ಹತ್ತೊಂಬತ್ತನೇ ವಯಸ್ಸಿನಲ್ಲಿ ಗುನ್ವೋರ್ ನಾರ್ವೆಯ ಸುಂಡವಿಕ ಊರಿನ ಶಾಲಾ ದಂತಚಿಕಿತ್ಸಾಲಯಕ್ಕೆ ಸಹಾಯಕಿಯಾಗಿ ಸೇರಿದಾಗ ಅವಳು ಕಲಿತ ಮೊದಲ ಕೆಲಸ ಬಿಲ್ಲೆ ಕಾಯಿಸುವುದು. ತಾಮ್ರ ಮತ್ತು ಪಾದರಸ ಸೇರಿಸಿ ಮಾಡಿದ ಪುಟ್ಟ ಬಿಲ್ಲೆಯನ್ನು ಕಬ್ಬಿಣದ ಚಮಚದಲ್ಲಿಟ್ಟು ಸ್ಪಿರಿಟ್ ದೀಪದ ಮೇಲೆ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿ ಅದರ ಮೈಮೇಲೆ ಪಾದರಸದ ಹನಿಗಳು ಬೆವರಿನಂತೆ ಮೂಡುತ್ತಿದ್ದವು. ಅದನ್ನು ಅರೆದು, ಮೆದು ಚರ್ಮದ ತುಂಡಿನಲ್ಲಿ ಕಟ್ಟಿ, ಹೆಚ್ಚಿನ ಪಾದರಸವನ್ನು ಬೆರಳಲ್ಲೇ ಹಿಂಡಿ ತೆಗೆಯಬೇಕಿತ್ತು. ಉಳಿದ ಮುದ್ದೆಯನ್ನು ಡಾಕ್ಟರ್ ಐಕ್ರೆಮ್ ಮಕ್ಕಳ ಹಲ್ಲಿನ ತೂತಿಗೆ ತುಂಬುತ್ತಿದ್ದರು. ದಿನಕ್ಕೆ ಇಪ್ಪತ್ತು ಮಕ್ಕಳು ಬಂದರೆ ಇಪ್ಪತ್ತು ಸಲ ದೀಪ ಹಚ್ಚಬೇಕು. ಇಪ್ಪತ್ತಮೂರು ವರ್ಷ ಅವಳು ಅದನ್ನೇ ಮಾಡಿದಳು.

ಮೂವತ್ತನಾಲ್ಕಕ್ಕೆ ಕೈ ನಡುಗತೊಡಗಿತು. ಹೆಣಿಗೆಯ ಕಣ್ಣಿ ಎಣಿಸುತ್ತ ಎಣಿಸುತ್ತ ಮರೆತುಬಿಡುತ್ತಿದ್ದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಸಣ್ಣ ಮಾತಿಗೂ ಅಳು ಬರುತ್ತಿತ್ತು. ಊರಿನ ವೈದ್ಯರು ಮೊದಲು ನರ ದೌರ್ಬಲ್ಯ ಎಂದರು, ಆಮೇಲೆ ವಯಸ್ಸು ಎಂದರು. ನಲವತ್ತೆರಡಕ್ಕೆ ಕೆಲಸ ಬಿಟ್ಟಳು. ದೇಶದ ಬೇರೆ ಬೇರೆ ಊರುಗಳ ಸಹಾಯಕಿಯರಿಗೂ ಹೀಗೇ ಆಗಿದೆ ಎಂದು ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಅವಳಿಗೆ ಐವತ್ತೈದು ದಾಟಿತ್ತು.

ಪಕ್ಕದ ದ್ವೀಪದ ಚಿಕಿತ್ಸಾಲಯದಲ್ಲಿ ಇದೇ ಕೆಲಸ ಮಾಡಿದ್ದ ಗೆಳತಿ ಓಡ್ನಿ ಜೊತೆ ಸೇರಿ ಅವಳು ವಿಮಾ ಕಚೇರಿಗೆ ಅರ್ಜಿ ಹಾಕಿದಳು. ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂಬುದಷ್ಟೇ ಕೋರಿಕೆ. ಇಬ್ಬರಿಗೂ ಒಂದೇ ಉತ್ತರ ಬಂತು: ಆ ಕೋಣೆಗಳಲ್ಲಿ ಪಾದರಸದ ಆವಿ ಎಷ್ಟಿತ್ತೆಂಬ ಅಳತೆ ಲಭ್ಯವಿಲ್ಲ, ಆದ್ದರಿಂದ ಹೆಚ್ಚಿತ್ತೆಂದು ಹೇಳಲಾಗದು.

"ಅಳೆಯೋಕೆ ಅಲ್ಲಿ ಯಾರು ಬಂದಿದ್ರೇ?" ಎಂದು ಓಡ್ನಿ ಪತ್ರವನ್ನು ಮೇಜಿನ ಮೇಲೆ ಎಸೆದಳು. "ಅಳೀದೇ ಇದ್ದೋರು ಅವ್ರು, ತಪ್ಪು ನಮ್ದು!"

ಮೇಲ್ಮನವಿಗೆ, ಕೆಲಸ ಹೇಗೆ ನಡೆಯುತ್ತಿತ್ತೆಂದು ಕಂಡವರ ಹೇಳಿಕೆ ಬೇಕು ಎಂದು ವಕೀಲರು ಸೂಚಿಸಿದರು. ಓಡ್ನಿಯ ದಂತವೈದ್ಯರು ತೀರಿಹೋಗಿದ್ದರು. ಗುನ್ವೋರಳಿಗೆ ಐಕ್ರೆಮ್ ಇದ್ದರು, ಎಂಬತ್ತೆರಡು ವರ್ಷ. ಆದರೆ ಅವರು ಊರಿನ ಪತ್ರಿಕೆಗೆ ಬರೆದ ಪತ್ರಗಳನ್ನು ಎಲ್ಲರೂ ಓದಿದ್ದರು. ಹಲ್ಲಿನಲ್ಲಿ ಗಟ್ಟಿಯಾದ ಪಾದರಸದಿಂದ ಯಾರಿಗೂ ಅಪಾಯವಿಲ್ಲ, ಅದನ್ನು ನಿಷೇಧಿಸಬೇಕೆಂಬ ಕೂಗು ಬರೀ ಗಾಬರಿ ಎಂದು ವರ್ಷಕ್ಕೆ ಎರಡು ಸಲವಾದರೂ ಬರೆಯುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅವಳು ಅವರ ಮನೆಗೆ ಹೋದಳು. ಅವರು ಕಾಫಿ ಕೊಟ್ಟರು, ದೋಸೆಯಂಥ ಬಿಸಿ ವಾಫಲ್ ಮೇಲೆ ತಾವೇ ಜಾಮ್ ಸವರಿಕೊಟ್ಟರು. ಬಂದ ಕಾರಣ ಕೇಳಿದ ಮೇಲೆ ಕುರ್ಚಿಗೊರಗಿದರು.

"ನೋಡು ಹುಡುಗಿ," ಎಂದರು. ಐವತ್ತೇಳರ ಹೆಂಗಸು ಅವರಿಗೆ ಇನ್ನೂ ಹುಡುಗಿಯೇ. "ನನ್ನ ಬಾಯಲ್ಲೇ ಪಾದರಸ ತುಂಬಿದ ಹಲ್ಲು ಒಂಬತ್ತಿವೆ. ನಂಗೇನಾಗಿದೆ? ಈ ಊರಿನ ಅರ್ಧ ಜನರ ಹಲ್ಲು ಉಳಿಸಿದ್ದು ನಾನು. ಇವತ್ತು ನಾನೇ ಸಹಿ ಹಾಕಿದ್ರೆ ನಾಳೆ ಏನಂತಾರೆ? ಐಕ್ರೆಮ್ ಮಕ್ಕಳಿಗೆ ವಿಷ ತುಂಬ್ದ ಅಂತಾರೆ."

"ಮಕ್ಕಳ ವಿಷಯ ನಾನು ಎತ್ತಲಿಲ್ಲ ಡಾಕ್ಟ್ರೆ. ಹಲ್ಲಿನ ವಿಷಯಾನೂ ಅಲ್ಲ. ನಾನು ಕೇಳ್ತಿರೋದು ಆ ಕೋಣೆ ವಿಷಯ. ದೀಪದ ಮುಂದೆ ನಿಂತಿದ್ದೋಳು ನಾನು, ನೀವಲ್ಲ."

"ಕಿಟಕಿ ತೆರೆದಿರ್ತಿತ್ತಲ್ಲ."

"ಎಲ್ಲಿ ತೆರೆದಿರ್ತಿತ್ತು? ಗಾಳಿ ಬರುತ್ತೆ ಅಂತ ನೀವೇ ಅಂಚಿಗೆಲ್ಲ ಬಣ್ಣ ಹೊಡೆದು ಮುಚ್ಚಿಸಿದ್ರಿ. ನಾನು ಸೇರಿದ ಚಳಿಗಾಲದಲ್ಲೇ, ಮಕ್ಕಳು ನಡುಗ್ತಿದ್ದಾರೆ ಅಂತ."

ಐಕ್ರೆಮ್ ಹೊರಗೆ ನೋಡಿದರು. ಬಂದರಿನಲ್ಲಿ ದೋಣಿಯೊಂದು ತಿರುಗುತ್ತಿತ್ತು. ಗುನ್ವೋರಳಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೆಲಸದ ಮೊದಲ ದಿನ ಬೆರಳು ಸುಟ್ಟುಕೊಂಡಾಗ ಅದಕ್ಕೆ ಬಟ್ಟೆ ಸುತ್ತಿದವರೂ ಇವರೇ.

"ಎರಡು ಸಲ ಬಣ್ಣ ಹೊಡೆದೆವು," ಎಂದರು ಐಕ್ರೆಮ್. "ನೀನು ಹೋಗು. ಬರೀತೀನೋ ಇಲ್ವೋ, ಈಗಲೇ ಹೇಳಲ್ಲ."

ಹದಿನೈದು ದಿನದ ಮೇಲೆ ವಕೀಲರ ಕಚೇರಿಗೆ ಒಂದೂವರೆ ಪುಟದ ಕೈಬರಹ ಬಂತು. ದೀಪ, ಚಮಚ, ಚರ್ಮ, ಕೋಣೆಯ ಉದ್ದಗಲ, ಮುಚ್ಚಿದ ಕಿಟಕಿ, ದಿನಕ್ಕೆ ಎಷ್ಟು ಬಿಲ್ಲೆ. ಕೈಗವಸುಗಳನ್ನು ಕೊಟ್ಟಿರಲಿಲ್ಲ ಎಂದೂ ಬರೆದಿದ್ದರು. ವಿಷ ಎಂಬ ಪದ ಎಲ್ಲೂ ಇರಲಿಲ್ಲ.

ವಿಚಾರಣೆಯ ದಿನ ಅವರು ಊರುಗೋಲಿನೊಂದಿಗೆ ತಾವೇ ಬಂದರು. ಎದುರು ಪಕ್ಷದ ವಕೀಲ ಕೇಳಿದ: "ಹಾಗಾದ್ರೆ ಹಲ್ಲಿಗೆ ಪಾದರಸ ತುಂಬೋದು ಅಪಾಯಕಾರಿ ಅಂತ ನೀವು ಒಪ್ತೀರಾ?"

"ಇಲ್ಲ," ಎಂದರು ಐಕ್ರೆಮ್. "ಹಲ್ಲಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದ್ರೆ ಅದನ್ನ ತಯಾರು ಮಾಡ್ತಿದ್ದೋಳು ಇಪ್ಪತ್ತಮೂರು ವರ್ಷ ಮುಚ್ಚಿದ ಕೋಣೇಲಿ ಅದರ ಹೊಗೆ ಕುಡಿದ್ಳು. ಮುಚ್ಚಿಸಿದ್ದು ನಾನು. ಇದು ನಂಗೆ ಗೊತ್ತಿರೋ ಸಂಗತಿ."

ಹೊರಗೆ ಬಂದ ಮೇಲೆ ಗುನ್ವೋರ್ ಐಕ್ರೆಮರ ಕೈ ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಟ್ಯಾಕ್ಸಿಯವರೆಗೆ ಹಾಗೆಯೇ ನಡೆದರು.

ತೀರ್ಪು ವಸಂತದಲ್ಲಿ ಬಂತು. ಗುನ್ವೋರಳ ಕಾಯಿಲೆ ಕೆಲಸದಿಂದ ಬಂದದ್ದು ಎಂದು ಒಪ್ಪಿದ್ದರು. ಸಾಕ್ಷಿಯಿಲ್ಲದ ಓಡ್ನಿಯ ಅರ್ಜಿಯನ್ನು ತಳ್ಳಿಹಾಕಿದ್ದರು. ಓಡ್ನಿ ಫೋನಿನಲ್ಲಿ "ನಿಂಗೆ ಒಳ್ಳೇದಾಯ್ತಲ್ಲ ಕಣೇ, ಸಾಕು" ಎಂದು ಇಟ್ಟುಬಿಟ್ಟಳು. ಆಮೇಲೆ ಆರು ವಾರ ಮಾತಿಲ್ಲ.

ಮುಂದಿನ ವರ್ಷದಿಂದ ದೇಶದಲ್ಲಿ ಪಾದರಸದ ಬಳಕೆ ನಿಲ್ಲುತ್ತದೆ ಎಂಬ ಸುದ್ದಿ ಬಂದ ದಿನ ಅವಳೇ ದೋಣಿ ಹತ್ತಿ ಓಡ್ನಿಯ ಮನೆಗೆ ಹೋದಳು.

"ನಿನ್ನ ವೈದ್ಯರು ಸತ್ರೆ ಸತ್ರು," ಎಂದಳು ಬಾಗಿಲಲ್ಲೇ. "ಕುರ್ಚಿ ಮೇಲೆ ಕೂತಿದ್ದ ಮಕ್ಕಳು ಬದುಕಿದ್ದಾರಲ್ಲ? ನೋಡಿದ್ದನ್ನ ಬರೆದು ಕಳ್ಸಿ ಅಂತ ಪೇಪರಲ್ಲಿ ಹಾಕೋಣ."

"ಯಾರು ನೆನಪಿಟ್ಕೊಂಡಿರ್ತಾರೆ? ಕಣ್ಣು ಮುಚ್ಕೊಂಡು ಅಳ್ತಿದ್ವು."

"ಎಲ್ಲರೂ ಅಳ್ತಿರಲಿಲ್ಲ. ನೀನು ಬರಿ, ನನ್ನ ಕೈಲಿ ಆಗಲ್ಲ."

ಓಡ್ನಿ ಗೊಣಗುತ್ತಲೇ ಕಾಗದ ತಂದು ನಾಲ್ಕು ಸಾಲು ಬರೆದಳು. ಪ್ರಕಟಣೆ ಓದಿ, ಓಡ್ನಿಯ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮೂವರು ಉತ್ತರಿಸಿದರು. ಅವರಲ್ಲೊಬ್ಬ ಬಸ್ ಚಾಲಕ. ಏಳು ವರ್ಷದವನಿದ್ದಾಗ ತನಗೆ ಭಯವಾಗದಿರಲೆಂದು ಸಹಾಯಕಿ ಪ್ರತಿ ಸಲ ದೀಪ, ಚಮಚ ಎರಡನ್ನೂ ಕುರ್ಚಿಯ ಹತ್ತಿರ ತಂದು ಹನಿ ಮೂಡುವುದನ್ನು ತೋರಿಸುತ್ತಿದ್ದಳು, ಅವಳ ಮುಖ ದೀಪಕ್ಕೆ ಅಂಟಿದಂತಿರುತ್ತಿತ್ತು ಎಂದು ಬರೆದಿದ್ದ. ಆ ಪತ್ರಗಳ ಆಧಾರದ ಮೇಲೆ ಶರತ್ಕಾಲದಲ್ಲಿ ಓಡ್ನಿಯ ಅರ್ಜಿಯನ್ನು ಮತ್ತೆ ತೆರೆದರು.