ಗುರುವಾರದ ಜವಳಿ

ನಮ್ಮ ಅತ್ತೆ ಬಸವಣ್ಣೆಮ್ಮನವರು ಹಾಲಿನ ಖಾಲಿ ಪಾಕೀಟನ್ನೂ ತೊಳೆದು, ಒಣಗಿಸಿ, ಮಡಚಿಡುವವರು. ನನ್ನ ಮಗಳು ಶೈಲಜಾ ಮದುವೆಗೆ ಮುಂಚಿನ ಫೋಟೊ ತೆಗೆಸಲೆಂದು ಆನೆಗೊಂದಿಗೆ ಹೋಗಿ ಒಂದು ತಿಂಗಳ ಪಗಾರ ಖಾಲಿ ಮಾಡಿಕೊಂಡು ಬಂದವಳು. ಇಬ್ಬರ ನಡುವೆ ಅಡಕತ್ತರಿಗೆ ಸಿಕ್ಕವಳು ನಾನು.

ಹಾಗಂತ ಅತ್ತೆಯನ್ನು ಜಿಪುಣಿ ಎನ್ನಬೇಡಿ. ಮದುವೆಯ ಜವಳಿ ಅಂದರೆ ಅವರ ಕೈ ತಡೆಯುವವರೇ ಇಲ್ಲ. ಬಂಧು ಬಳಗದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅಂಗಡಿಗೆ ಹೋಗಬೇಕು, ಗಾದಿಯ ಮೇಲೆ ಕೂರಬೇಕು, ಎಲ್ಲರಿಗೂ ಒಂದೊಂದು ಸೀರೆ ಕೊಡಿಸಬೇಕು. ಮದುಮಗಳ ಸೀರೆಯನ್ನಂತೂ ತಾವೇ ಆರಿಸಬೇಕು. ನನ್ನದನ್ನೂ ಅವರೇ ಆರಿಸಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಶೈಲಜಾಗೆ ಕುಷ್ಟಗಿಯ ತಾಲೂಕು ಕಚೇರಿಯಲ್ಲಿ ನೌಕರಿ. ಮದುವೆಯ ರಜೆಗೆ ನಮ್ಮೂರು ಅಳವಂಡಿಗೆ ಬಂದವಳೇ ಅಜ್ಜಿಗೆ ಖಡಾಖಂಡಿತ ಹೇಳಿಬಿಟ್ಟಳು.

"ಆಯಿ, ಯಾರೂ ಉಡದ ಸೀರಿ ಹಂಚಿ ರೊಕ್ಕ ಯಾಕ ಹಾಳ ಮಾಡ್ತಿ? ನನ್ನ ಸೀರಿ ನಾನ ಫೋನಿನ್ಯಾಗ ತರಸ್ತೀನಿ. ಗುರುವಾರ ಮನಿಗೇ ಬರತೈತಿ."

"ನೀ ತಗಸಿದ ಫೋಟೊ ಯಾರ ಉಟ್ಕೊಂತಾರವಾ?" ಎಂದು ಅತ್ತೆ ತಿರುಗಿ ಕೇಳಿದರು. ಆದರೂ ಮೊಮ್ಮಗಳ ಪಕ್ಕದಲ್ಲಿ ಕೂತು ಫೋನಿನೊಳಗೆ ಇಣುಕಿದರು. ಬೆರಳು ಸರಿಸಿದಂತೆಲ್ಲ ಸೀರೆಯ ಮೇಲೆ ಸೀರೆ.

"ಇವೆಲ್ಲಾ ಬರ್ತಾವೇನು?"

"ಹ್ಞೂಂ" ಎಂದಳು ಶೈಲಜಾ, ಫೋನಿನಿಂದ ಕಣ್ಣು ತೆಗೆಯದೆ. ಈಗಿನ ಮಕ್ಕಳ ಈ "ಹ್ಞೂಂ" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತೆಯ ಹರೆಯದಲ್ಲಿ ಸೀರೆ ಮಾರುವವರು ಗಂಟು ಹೊತ್ತು ಮನೆಗೇ ಬರುತ್ತಿದ್ದರು. ಎಲ್ಲವನ್ನೂ ಹರವಿಸಿ, ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಮರಳಿ ಕೊಡುವುದು ರೂಢಿ. ಇದೂ ಹಾಗೇ ಎಂದುಕೊಂಡ ಅತ್ತೆ ನಮಗೊಂದು ಮಾತೂ ಹೇಳದೆ ಹಿಟ್ನಾಳದ ತಂಗಿಯನ್ನು, ಯಲಬುರ್ಗಾ ಕಡೆಯ ಮಂಗಳೂರಿನ ನಾದಿನಿಯರನ್ನು, ಓಣಿಯ ಹುಸೇನಬೀಯನ್ನು ಗುರುವಾರ ಜವಳಿಗೆ ಬರಹೇಳಿದ್ದರು. ಬೆಳಿಗ್ಗೆ ಅಷ್ಟೊಂದು ಹೂರಣ ರುಬ್ಬಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಪಾರ್ಸಲ್ ತಂದ ಶಫೀಸಾಬ ಜಮಖಾನೆ ತುಂಬ ಕೂತ ಹೆಂಗಸರನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. ಅತ್ತೆ ಅವನನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು.

"ಬಿಚ್ಚಪಾ, ಒಂದೊಂದ ತೋರಸು. ಉಳದ ಗಂಟು ಗಾಡಿಯೊಳಗ ಐತೇನು?"

"ಇಲ್ರೀ ಅಮ್ಮಾರ, ನಿಮ್ಮದು ಇದೊಂದ ಐತ್ರಿ."

ಮಂಗಳೂರಿನ ನಾದಿನಿಯೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಅತ್ತೆಯ ಮುಖ ಸಣ್ಣದಾಯಿತು. ಇಡೀ ಬಳಗದಲ್ಲಿ ದೊಡ್ಡವರೆನಿಸಿಕೊಂಡವರು, ತಾವೇ ಕರೆದ ಮಂದಿಯ ಮುಂದೆ ಬರಿಗೈಯಲ್ಲಿ ಕೂತಿದ್ದರು.

ಶೈಲಜಾ ಸಿಡಿದೇಳುತ್ತಾಳೆ ಅಂದುಕೊಂಡೆ. ಅವಳು ಆಯಿಯ ಮುಖವನ್ನು ಒಂದು ಗಳಿಗೆ ನೋಡಿದಳು.

"ಎಲ್ಲಾರೂ ಹೋಳಿಗಿ ಉಂಡು ತಯಾರಾಗ್ರಿ" ಎಂದಳು. "ಇದು ನನ್ನ ಸೀರಿ ಅಷ್ಟ. ಉಳದ ಜವಳಿಗೆ ಆಯಿ ನಮ್ಮನ್ನ ಕೊಪ್ಪಳಕ್ಕ ಕರಕೊಂಡು ಹೊಂಟಾಳ. ಕ್ರೂಸರ್ ಗಾಡಿ ಬರಾಕ್ಹತ್ತೈತಿ."

ಕ್ರೂಸರಿನವನಿಗೆ ಅವಳು ಫೋನು ಮಾಡಿದ್ದು ಆಮೇಲೆ, ಹಿತ್ತಲಿಗೆ ಹೋಗಿ. ಅಲ್ಲೇ ಅವಳನ್ನು ಅಪ್ಪಿಕೊಂಡೆ.

ಕೊಪ್ಪಳದ ಅಂಗಡಿಯಲ್ಲಿ ಅತ್ತೆಯದೇ ದರಬಾರು. ಅಂಚು ತಿಕ್ಕಿ ನೋಡಿದರು, ಬಣ್ಣ ಬೈದರು, ನಕ್ಕ ನಾದಿನಿಗೇ ಎಲ್ಲಕ್ಕಿಂತ ಛಲೋ ಸೀರೆ ಕೊಡಿಸಿದರು. ಕೊನೆಗೆ ಅಂಗಡಿಯವನು ಕೇಳಿದ: "ಮದುಮಗಳ ಸೀರಿ ತೋರಸ್ಲೇನ್ರಿ?"

ಶೈಲಜಾ ಬೇಡ ಎನ್ನಲಿಲ್ಲ, ಆಯಿಯತ್ತ ತಿರುಗಿದಳು. ಆಯಿ ಆರಿಸಿದ್ದನ್ನೇ ಉಡಲು ಸಿದ್ಧಳಾಗಿದ್ದಳೆಂದು ನನಗೆ ಗೊತ್ತಾಯಿತು.

"ಆಕಿ ತನ್ನ ಸೀರಿ ತಾನ ಆರಿಸ್ಯಾಳ. ಭಾಳ ಛಲೋ ಐತಿ" ಎಂದರು ಅತ್ತೆ. ಆಮೇಲೆ ಮೊಮ್ಮಗಳ ಕೈ ಹಿಡಿದು ಗಾದಿಯ ಮೇಲೆ ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ತಲಿ ಮ್ಯಾಲ ಅಕ್ಕಿಕಾಳ ಬೀಳೂ ಹೊತ್ತಿಗೆ ನಿನ್ನ ಮಗ್ಗಲಕ ನಿಂದರಾಕಿ ನಾನು. ನಿನ್ನ ಸೀರಿಗೆ ಹೊಂದೂವಂಥಾದ್ದು ನನಗೊಂದು ನೀನ ಆರಸು."